ಹನ್ನೆರಡು ವರ್ಷ ತೆಗೆಯದ ತಿಪ್ಪೆ

ಹೊಸ ಲ್ಯಾಪ್‌ಟಾಪಿನ ಪೆಟ್ಟಿಗೆ ಬಿಚ್ಚಿದಾಗ ಒಂದು ವಾಸನೆ ಬರುತ್ತದಲ್ಲ, ಹೊಸ ಚಪ್ಪಲಿಗೂ ಹೊಸ ಬಕೀಟಿಗೂ ನಡುವಿನ ಒಂದು ವಾಸನೆ, ಅದು ಮೊನ್ನೆ ಶನಿವಾರ ಮಧ್ಯಾಹ್ನ ನಮ್ಮ ಮನೆಯ ತುಂಬ ಹರಡಿತ್ತು. ಕಾರ್ಖಾನೆಯವರು ಕೊಟ್ಟ ಲ್ಯಾಪ್‌ಟಾಪು. ಹಳೆಯದನ್ನು ಸೋಮವಾರ ಬೆಳಗ್ಗೆ ಸ್ಟೋರಿಗೆ ಒಪ್ಪಿಸುತ್ತೇನೆ ಎಂದು ಬರೆಸಿಕೊಂಡೇ ಕೊಟ್ಟಿದ್ದರು. ಎರಡನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಕೂರಿಸಿ, ಹೊಸದರಲ್ಲಿ ಆ ಕಪ್ಪು ಕಿಟಕಿಯನ್ನು ತೆರೆದು, ಅಭ್ಯಾಸಬಲದಿಂದ ‘ನೋಡು’ ಎಂದು ಹೊಡೆದೆ. ಅಂಥದ್ದೊಂದು ಆಜ್ಞೆಯೇ ತನಗೆ ಸಿಗಲಿಲ್ಲ ಎಂದು ಯಂತ್ರ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿತು. ತಪ್ಪು ಅದರದ್ದಲ್ಲ. ಅದು ಪೆಟ್ಟಿಗೆಯಿಂದ ಹೊರಬಂದು ಇನ್ನೂ ಹತ್ತು ನಿಮಿಷವಾಗಿತ್ತಷ್ಟೆ.

ಕಪ್ಪು ಕಿಟಕಿ ಎಂದರೇನು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಈಗಿನ ಕಂಪ್ಯೂಟರಿನಲ್ಲಿ ಎಲ್ಲವೂ ಚಿತ್ರ. ಒತ್ತಿದರೆ ತೆರೆಯುತ್ತದೆ, ಎಳೆದರೆ ಬರುತ್ತದೆ. ಆ ಚಿತ್ರಗಳ ಹಿಂದೆ ಇನ್ನೂ ಒಂದು ಹಳೆಯ ಜಾಗವಿದೆ. ಅಲ್ಲಿ ಚಿತ್ರವಿಲ್ಲ, ಬಾಣವಿಲ್ಲ. ಕಪ್ಪು ಹಲಗೆ, ಮಿಣಮಿಣ ಎನ್ನುವ ಒಂದು ಗೆರೆ. ನೀವು ಅಕ್ಷರ ಹೊಡೆದು ಕೆಲಸ ಹೇಳಬೇಕು, ಅದು ಮಾಡಿ ತೋರಿಸಬೇಕು. ಬಹಳ ಜನರಿಗೆ ಅದನ್ನು ಕಂಡರೆ ಹೆದರಿಕೆ. ನನಗೆ ಅದು ಬಿಟ್ಟು ಬೇರೆ ಕಡೆ ಕೈ ಓಡುವುದಿಲ್ಲ. ಇದನ್ನು ಹೆಚ್ಚುಗಾರಿಕೆ ಎಂದುಕೊಳ್ಳಬೇಡಿ. ಮೊಬೈಲಿನಲ್ಲಿ ಫೋಟೋ ಕಳಿಸಲು ನಾನು ಇವತ್ತಿಗೂ ಪಕ್ಕದ ಮನೆಯವರನ್ನು ಕೇಳುತ್ತೇನೆ.

ಹೊಸ ಯಂತ್ರದಲ್ಲಿ ಈ ಕಿಟಕಿ ಸಿಕ್ಕರೂ ಅದು ಬರೀ ಖಾಲಿ ಖೋಲಿ. ನನ್ನ ಅಪ್ಪ ಗೋವಾದ ಡಿಚೋಲಿಯ ಕಡೆ ಅದಿರಿನ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ನಾವು ಏಳು ಖೋಲಿ ಬದಲಾಯಿಸಿದ್ದೆವು. ಪ್ರತಿ ಸಲವೂ ಅವ್ವ ಗಂಟುಮೂಟೆ ಇಳಿಸುವ ಮುಂಚೆ ಒಂದೇ ಮಾತು ಹೇಳುತ್ತಿದ್ದಳು: “ಮೊದಲ ಮೊಳಿ ಹೊಡೀರಿ. ಮೊರ ತೂಗಹಾಕೂ ಮಟಾ ಇದು ಮನಿ ಅಲ್ಲ.” ಎಲ್ಲಿ ಕೈ ಹಾಕಿದರೆ ಏನು ಸಿಗುತ್ತದೆ ಎಂದು ಕೈಗೇ ಗೊತ್ತಿರಬೇಕು, ಅದು ಅವಳ ಲೆಕ್ಕದಲ್ಲಿ ಮನೆ. ಕಪ್ಪು ಕಿಟಕಿಯೂ ಹಾಗೆಯೇ. ನಮಗೆ ಬೇಕಾದ ಬಣ್ಣ, ಬೇಕಾದ ಅಕ್ಷರದ ಗಾತ್ರ, ಉದ್ದುದ್ದದ ಆಜ್ಞೆಗಳಿಗೆ ನಾವಿಟ್ಟ ಗಿಡ್ಡ ಹೆಸರು, ಇವನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಡುತ್ತೇವೆ. ಆ ಫೈಲನ್ನು ಹೊಸ ಯಂತ್ರಕ್ಕೆ ಹಾಕಿದರೆ ಮೊಳೆ ಹೊಡೆದಂತೆ.

ನನ್ನ ಹಳೆಯ ಯಂತ್ರದಲ್ಲಿ ಆ ಫೈಲು ಇತ್ತು. ಅದನ್ನು ತೆರೆದೆ. ಮೊದಲ ಸಾಲಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ: “ಬಂದ್ಯಾ ತಂಗಿ? ಚಹಾ ಆತೇನ?” ಕಪ್ಪು ಕಿಟಕಿ ತೆರೆದಾಗಲೆಲ್ಲ ಹಳೆಯ ಯಂತ್ರ ಮೊದಲು ಇದನ್ನು ಕೇಳುತ್ತಿತ್ತು. ದಿನಾ ಕಣ್ಣಿಗೆ ಬಿದ್ದು ಬಿದ್ದು ನಾನು ಅದನ್ನು ಓದುವುದನ್ನೇ ಬಿಟ್ಟಿದ್ದೆ. ಶನಿವಾರ ಓದಿದೆ. ಆ ಸಾಲು ನಾನು ಬರೆದದ್ದಲ್ಲ. ಆ ಫೈಲಿನ ಅರ್ಧಕ್ಕರ್ಧ ನಾನು ಬರೆದದ್ದಲ್ಲ. ಅದು ಶಾಂತಕ್ಕನದು.

ಶಾಂತಕ್ಕನನ್ನು ನಾನು ಮೊದಲು ಕಂಡದ್ದು ಕುಂಡಯಿಯ ಕಾರ್ಖಾನೆಗೆ ಸೇರಿದ ದಿನ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ಯಾವ ಕಟ್ಟು ಯಾವ ಲಾರಿಗೆ ಹೋಗಬೇಕು ಎಂದು ಲೇಬಲ್ ಹೊಡೆಯುವ ಆಫೀಸು ಗೋಡೌನಿನ ಮೂಲೆಯಲ್ಲಿತ್ತು. ನಾನು ಬಿ.ಕಾಂ. ಮುಗಿಸಿ, ಆರು ತಿಂಗಳ ಕಂಪ್ಯೂಟರ್ ಕ್ಲಾಸಿನ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿದ್ದೆ. ಕಂಪ್ಯೂಟರಿನ ಮುಂದೆ ನಲವತ್ತರ ಆಸುಪಾಸಿನ ಹೆಂಗಸು ಕೂತಿದ್ದಳು. ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ, ಮುಂಗೈ ತುಂಬ ಹಸಿರು ಬಳೆ. ಕಸ ಹೊಡೆಯಲು ಬಂದವಳು ಆಪರೇಟರ್ ಬರುವ ತನಕ ಕೂತಿದ್ದಾಳೆ ಎಂದುಕೊಂಡು ನಾನು, “ಆಪರೇಟರ್ ಎಲ್ಲಿ ಹೋಗ್ಯಾರ್ರಿ?” ಎಂದು ಕೇಳಿದೆ. ನನ್ನ ಬುದ್ಧಿಗೆ ಆ ದಿನವೇ ಒಂದು ಮುಳ್ಳು ಚುಚ್ಚಬೇಕಾಗಿತ್ತು, ಚುಚ್ಚಿತು.

“ಇಲ್ಲೇ ಕುಂತಾಳಲ್ಲ ನಿನ್ನ ಮುಂದ,” ಎಂದಳು. “ಬಾ, ಕುಂದ್ರು. ಯಾವೂರಕಿ?”

“ಇಲ್ಲೇ ಗೋವಾದಾಗ ಹುಟ್ಟೇನ್ರಿ. ನಮ್ಮವರು ಬಾಗಲಕೋಟಿ ಕಡೆಯವರು. ಮೌಸ್ ಖಂಯ್... ಎಲ್ಲಿ ಐತ್ರಿ?” ಬಾಯಿಗೆ ಮೊದಲು ಕೊಂಕಣಿಯೇ ಬಂತು.

“ಅದು ಸತ್ತು ಎರಡು ವರ್ಷ ಆತು. ಯಾರೂ ಅತ್ತಿಲ್ಲ.”

ಅಷ್ಟು ಹೇಳಿ, ಎರಡೂ ಕೈಯ ಬಳೆಗಳನ್ನು ಮುಂಗೈಯಿಂದ ಮೇಲಕ್ಕೇರಿಸಿ, ಲೇಬಲಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡಿನಿಂದ ಬಿಗಿದಳು. ಆಮೇಲೆ ಹೊಡೆದಳು ನೋಡಿ. ಪರದೆಯ ಕಡೆ ಕಣ್ಣು, ಕೀಲಿಮಣೆಯ ಕಡೆ ನೋಡಿದ್ದೇ ಇಲ್ಲ. ಕೆಲಸ ಮುಗಿದು ರಬ್ಬರ್ ಬ್ಯಾಂಡ್ ಬಿಚ್ಚಿದಾಗ ಬಳೆಗಳೆಲ್ಲ ಘಲ್ಲೆಂದು ಕೆಳಗಿಳಿಯುತ್ತಿದ್ದವು. ಆ ಸದ್ದು ಕೇಳಿದರೆ ಹೊರಗೆ ನಿಂತ ಲಾರಿ ಡ್ರೈವರುಗಳು ಬೀಡಿ ಒಗೆದು ಎದ್ದು ನಿಲ್ಲುತ್ತಿದ್ದರು.

ಆಕೆ ಸಿಂದಗಿ ಕಡೆಯವಳು. ಮದುವೆಗೆ ಮುಂಚೆ ವಿಜಾಪುರದ ಸೋದರತ್ತೆಯ ಮನೆಯಲ್ಲಿ ಒಂದು ವರ್ಷ ಇದ್ದು ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದಳು. ಗಂಡನ ಜೊತೆ ಗೋವಾಕ್ಕೆ ಬಂದಮೇಲೆ ಆತ ಅದೇ ಕಾರ್ಖಾನೆಯಲ್ಲಿ ಹಮಾಲಿ, ಈಕೆ ಒಂಬತ್ತು ವರ್ಷ ಪೆಟ್ಟಿಗೆಗೆ ಅಂಟು ಹಚ್ಚಿದಳು. ಒಂದು ದಿನ ಆಪರೇಟರ್ ಹೇಳದೆ ಕೇಳದೆ ಕೆಲಸ ಬಿಟ್ಟ. ಲಾರಿಗಳು ಸಾಲು ನಿಂತವು. ಮ್ಯಾನೇಜರ್ ಬಾಬ್, ಇಲ್ಲಿ ಸಾಹೇಬರಿಗೆ ಹಾಗೆನ್ನುತ್ತಾರೆ, ಪ್ಯಾಕಿಂಗಿಗೆ ಬಂದು, ಯಾರಿಗಾದರೂ ಟೈಪಿಂಗ್ ಬರುತ್ತದೆಯೇ ಎಂದು ಕೇಳಿದರಂತೆ. ಈಕೆ ಅಂಟು ಮೆತ್ತಿದ ಕೈ ಎತ್ತಿದಳು. “ಕೈ ಎತ್ತಿದ್ ಮ್ಯಾಲ ನೆನಪಾತು, ಹದಿನೈದು ವರ್ಷ ಆಗೇತಿ ಹೊಡದು,” ಎಂದು ನಗುತ್ತಿದ್ದಳು. “ಬೆರಳಿಗೆ ನೆನಪಿತ್ತು, ತಲಿಗೆ ಇರಲಿಲ್ಲ.”

ಯಂತ್ರ ಕೂರಿಸಿದ ಎಂಜಿನಿಯರು ಆಕೆಗೆ ಒಂದು ಗುಟ್ಟು ಹೇಳಿಕೊಟ್ಟಿದ್ದ. ಆಜ್ಞೆಗಳ ಹೆಸರು ಕಷ್ಟವಾದರೆ ನಿಮಗೆ ಬೇಕಾದ ಹೆಸರಿಟ್ಟುಕೊಳ್ಳಬಹುದು ಎಂದು. ಬಿಟ್ಟಾಳೆಯೇ? ಫೈಲುಗಳ ಪಟ್ಟಿ ತೋರಿಸುವುದಕ್ಕೆ ‘ನೋಡು’. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋಗುವುದಕ್ಕೆ ‘ಹೋಗು’. ಎಲ್ಲದರ ನಕಲು ತೆಗೆದು ಭದ್ರವಾಗಿಡುವುದಕ್ಕೆ ‘ಹಗೇವು’. ಹಗೇವು ಎಂದರೆ ಜೋಳ ಕೆಡದಂತೆ ನೆಲದೊಳಗೆ ತೋಡಿ ಇಡುವ ಕಣಜ. ಗೋವಾದಲ್ಲಿ ಹುಟ್ಟಿದ ನಾನು ಅದನ್ನು ಕಣ್ಣಿಂದ ಕಂಡವಳಲ್ಲ, ಕಂಪ್ಯೂಟರಿನಲ್ಲೇ ಮೊದಲು ಕಂಡೆ. ಸರ್ಟಿಫಿಕೇಟಿನ ಗತ್ತಿನಲ್ಲಿ ಒಮ್ಮೆ ಕೇಳಿದ್ದೆ, ಅಸಲಿ ಹೆಸರುಗಳನ್ನೇ ಕಲಿಯುವುದು ಒಳ್ಳೆಯದಲ್ಲವೇ ಎಂದು.

“ದಿನಾ ಅದರ ಜೋಡಿ ಮಾತಾಡಾವ್ರು ನಾವು,” ಎಂದಳು. “ನಾವು ಇಲ್ಲಿ ಕೊಂಕಣಿ ಕಲತ್ವಿ, ಹಿಂದಿ ಕಲತ್ವಿ, ಮರಾಠಿ ಕಲತ್ವಿ. ಅದರ ಮುಂದ ಕುಂತಾಗರೆ ಅದು ನಮ್ಮ ಮಾತು ಕಲೀಲಿ.”

ಆದರೆ ಎಲ್ಲಕ್ಕಿಂತ ದೊಡ್ಡದು ‘ತಿಪ್ಪಿ’. ಯಂತ್ರದ ಅಸಲಿ ಅಳಿಸುವ ಆಜ್ಞೆ ಎರಡೇ ಅಕ್ಷರದ್ದು, ಮಹಾ ಒರಟು. ಖರೇನೇ ಅಳಿಸಲಾ ಎಂದು ಕೇಳುವುದಿಲ್ಲ, ಅಳಿಸಿದೆ ಎಂದು ಹೇಳುವುದೂ ಇಲ್ಲ. ಶಾಂತಕ್ಕ ಆಪರೇಟರ್ ಆದ ಹೊಸತರಲ್ಲಿ ಆ ಎರಡಕ್ಷರ ಹೊಡೆದು ಒಂದಿಡೀ ದಿನದ ಲಾರಿ ಪಟ್ಟಿಯನ್ನು ಕಳೆದುಕೊಂಡಿದ್ದಳು. ಮರುದಿನ ಎಂಜಿನಿಯರು ಬಂದಾಗ ತನ್ನ ಹಿಂದಿಯಲ್ಲಿ ಕೇಳಿದಳಂತೆ. ನನಗೆ ಹೇಳಿದ್ದು ಕನ್ನಡದಲ್ಲಿ: “ಸರ, ನಮ್ಮೂರಾಗ ಕಸಾ ಒಗದ್ರ ತಿಪ್ಪ್ಯಾಗ ಇರ್ತೈತಿ. ನಿಮ್ಮ ಮಷೀನಿನ್ಯಾಗ ಒಗದ್ದು ಎಲ್ಲಿಗೆ ಹೋಗ್ತೈತಿ? ಅಂದೆ. ಎಲ್ಲಿಗೂ ಹೋಗೂದಿಲ್ಲ, ಇಲ್ಲದಂಗ ಆಗ್ತೈತಿ ಅಂದ. ಎಲ್ಲಿಗೂ ಹೋಗಲಾರದ್ದು ಎಂಥಾ ಕಸಾ?”

ಆತನ ಬೆನ್ನು ಬಿಡದೆ ‘ತಿಪ್ಪಿ’ ಮಾಡಿಸಿಕೊಂಡಳು. ‘ತಿಪ್ಪಿ’ ಎಂದು ಹೊಡೆದು ಬೇಡವಾದ ಫೈಲಿನ ಹೆಸರು ಕೊಟ್ಟರೆ ಅದು ಅಳಿಯುವುದಿಲ್ಲ. ಕಣ್ಣಿಗೆ ಬೀಳದ ಒಂದು ಫೋಲ್ಡರಿಗೆ ಹೋಗಿ ಬೀಳುತ್ತದೆ. ಫೋಲ್ಡರಿನ ಹೆಸರಿನ ಮುಂದೆ ಒಂದು ಚುಕ್ಕೆ ಇಟ್ಟರೆ ಮಾಮೂಲಿ ಪಟ್ಟಿಯಲ್ಲಿ ಅದು ಕಾಣಿಸುವುದಿಲ್ಲ. ಯಾರಾದರೂ ಆ ಒರಟು ಎರಡಕ್ಷರವನ್ನೇ ಹೊಡೆದರೆ ಯಂತ್ರ “ಒಗೀಬ್ಯಾಡ. ತಿಪ್ಪಿಗೆ ಹಾಕು” ಎಂದು ಬರೆದು ಸುಮ್ಮನಾಗುತ್ತಿತ್ತು. ಪಣಜಿಯಿಂದ ಹೊಸದಾಗಿ ಬಂದ ಇನ್ನೊಬ್ಬ ಎಂಜಿನಿಯರು ಅದನ್ನು ನೋಡಿ “ಹೆಂ ಕಿತೆಂ?” ಇದೇನು ಎಂದು ನನ್ನನ್ನು ಕೇಳಿದ. ನಾನು ತಿಪ್ಪೆಗೆ ಕೊಂಕಣಿ ಪದ ಹುಡುಕಿ ಹುಡುಕಿ ಸೋತು ಕೊನೆಗೆ ಕೈಯಲ್ಲಿ ಗುಡ್ಡೆ ಮಾಡಿ ತೋರಿಸಿದೆ.

ತಿಪ್ಪೆ ಎಂದಮೇಲೆ ಅದನ್ನು ತೆಗೆಯುವ ಕಾಲವೂ ಇರಬೇಕಲ್ಲ. ಹೊಲದವರು ಮಳೆ ಹಿಡಿಯುವ ಮುಂಚೆ ತಿಪ್ಪೆ ತೆಗೆದು ಗೊಬ್ಬರ ಹೇರುತ್ತಾರೆ. ಶಾಂತಕ್ಕ ಮೇ ತಿಂಗಳ ಕೊನೆಗೆ, ಲಾರಿಗಳು ಕಡಿಮೆ ಇರುವ ಒಂದು ಮಧ್ಯಾಹ್ನ ನೋಡಿ, ಬಳೆ ಏರಿಸಿ ಕೂರುತ್ತಿದ್ದಳು. ಒಂದೊಂದೇ ಫೈಲು ತೆರೆದು ನೋಡಿ ಆಮೇಲೆ ಅಳಿಸುವುದು. ನನಗೆ ಬೇಸರವಾಗುತ್ತಿತ್ತು. ಎಲ್ಲ ಒಂದೇ ಸಲ ಬಳಿದು ಹಾಕಬಾರದೇ ಎಂದರೆ, “ಕೈಯಾಡಿಸಿ ನೋಡಬೇಕವಾ,” ಎನ್ನುತ್ತಿದ್ದಳು. “ನಮ್ಮವ್ವನ ಮೂಗಬಟ್ಟು ತಿಪ್ಪ್ಯಾಗ ಸಿಕ್ಕಿತ್ತು. ಎರಡು ವರ್ಷದ ಮ್ಯಾಲ.”

ಹೀಗೆ ಮೂರು ವರ್ಷ. ನಾನು ಆಕೆಯಿಂದ ಕೆಲಸ ಕಲಿತೆ, ಕೀಲಿಮಣೆ ನೋಡದೆ ಹೊಡೆಯುವುದನ್ನು ಕಲಿತೆ, ಖಾರಬ್ಯಾಳಿ ಮಾಡುವುದನ್ನು ಕಲಿತೆ. ಆಫೀಸಿನ ಎರಡನೇ ಕಂಪ್ಯೂಟರ್ ನನ್ನ ಹೆಸರಿಗೆ ಬಂದ ದಿನ ಆಕೆ ತನ್ನ ಫೈಲನ್ನು ನನ್ನ ಯಂತ್ರಕ್ಕೆ ಹಾಕಿ, ಮೊದಲ ಸಾಲಿನಲ್ಲಿ ಆ ಚಹಾದ ಪ್ರಶ್ನೆ ಬರೆದಳು. ಆಗ ನನಗೆ ಕಣ್ಣು ತುಂಬಿ ಬಂದಿತ್ತು. ಈಗ ಹೇಳಲು ನಾಚಿಕೆಯಿಲ್ಲ.

ನಾಚಿಕೆ ಇರುವುದು ಮುಂದಿನದಕ್ಕೆ.

ಒಂದು ಶುಕ್ರವಾರ ಮ್ಯಾನೇಜರ್ ಬಾಬ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಇನ್ನು ಮುಂದೆ ಆಫೀಸಿಗೆ ಒಬ್ಬರೇ ಆಪರೇಟರ್ ಸಾಕು, ಡಿಗ್ರಿ ಇದ್ದವರೇ ಇರಲಿ ಎಂದು ಮೇಲಿನವರು ಹೇಳಿದ್ದಾರೆ, ಶಾಂತಾಬಾಯಿ ಪ್ಯಾಕಿಂಗಿಗೆ ವಾಪಸು ಹೋಗುತ್ತಾಳೆ, ನೀನೊಬ್ಬಳೇ ಸಂಭಾಳಿಸುತ್ತೀಯಾ ಎಂದು ಕೇಳಿದರು. ಫ್ಯಾನು ತಿರುಗುತ್ತಿತ್ತು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದೆ. ಆಕೆ ನನಗಿಂತ ಚೆನ್ನಾಗಿ ಮಾಡುತ್ತಾಳೆ ಎಂದು ಹೇಳಬಹುದಿತ್ತು. ನನಗೆ ಕಲಿಸಿದವಳೇ ಆಕೆ ಎನ್ನಬಹುದಿತ್ತು. ಹಾಗೆಂದರೆ ನನ್ನನ್ನೇ ಪ್ಯಾಕಿಂಗಿಗೆ ಕಳಿಸಿಬಿಟ್ಟರೆ ಎಂದು ಹೆದರಿದೆ. ಆ ಅಂಟಿನ ವಾಸನೆ, ದಿನವಿಡೀ ನಿಂತೇ ಇರುವ ಕಾಲು, ಎಲ್ಲ ಕಣ್ಣ ಮುಂದೆ ಬಂತು. “ಹೂಂ ಸರ್,” ಎಂದೆ. ಅಷ್ಟೇ.

ಶನಿವಾರ ಶಾಂತಕ್ಕ ತನ್ನ ಕುಂಕುಮದ ಡಬ್ಬಿ, ಕುಡಿಯುವ ಲೋಟ, ಒಂದು ಮುಷ್ಟಿ ರಬ್ಬರ್ ಬ್ಯಾಂಡ್ ಚೀಲಕ್ಕೆ ಹಾಕಿಕೊಂಡು ಹೋದಳು. ನಾನು ಲೇಬಲ್ ಎಣಿಸುವ ನೆವ ಮಾಡಿ ಗೋಡೌನಿನಲ್ಲೇ ಉಳಿದೆ. ಸೋಮವಾರ ಬೆಳಗ್ಗೆ ನನ್ನ ಯಂತ್ರದಲ್ಲಿ ‘ನೋಡು’ ಎಂದು ಹೊಡೆದಾಗ ಪಟ್ಟಿಯ ಕೊನೆಗೆ ಒಂದು ಹೊಸ ಫೈಲಿತ್ತು. ಹೆಸರು ‘ತಂಗಿಗೆ’.

ನಾನು ಅದನ್ನು ತೆರೆಯಲಿಲ್ಲ. ಬೈದಿರುತ್ತಾಳೆ ಎಂದುಕೊಂಡೆ. ಬೈಯದೆ ಹರಸಿದ್ದರೆ ಅದು ಇನ್ನೂ ಕಷ್ಟ ಎಂದೂ ಅನಿಸಿತು. ಒಂದು ಚಹಾ ಕುಡಿಯುವಷ್ಟು ಹೊತ್ತು ಆ ಹೆಸರನ್ನೇ ನೋಡುತ್ತ ಕೂತು, ಆಮೇಲೆ ಆಕೆಯೇ ಕಲಿಸಿದ ಆಜ್ಞೆ ಹೊಡೆದು ಅದನ್ನು ತಿಪ್ಪೆಗೆ ಹಾಕಿದೆ.

ಮುಂದಿನ ವಾರ ಮಂಗಳವಾರ ಇರಬೇಕು, ಕಾರ್ಖಾನೆ ಬಿಟ್ಟಾಗ ಗೇಟಿನಲ್ಲಿ ಎದುರಾದಳು. ಬುತ್ತಿಚೀಲ ಹೆಗಲಿಗಿತ್ತು. ಕೈಗೆ ಅಂಟು ಮೆತ್ತಿತ್ತು. ಬೇರೇನೂ ಕೇಳಲಿಲ್ಲ.

“ಓದಿದೇನ?”

“ಹೂಂ,” ಎಂದೆ.

ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನಾನು ಇನ್ನೇನೋ ಹೇಳುತ್ತೇನೆ ಎಂದು ಕಾಯುತ್ತಿದ್ದಂತಿತ್ತು. “ಆತ್ ಬಿಡು,” ಎಂದು ಚೀಲ ಸರಿಮಾಡಿಕೊಂಡು ಹೋದಳು. ಎರಡು ತಿಂಗಳಲ್ಲಿ ಗಂಡ ಹೆಂಡತಿ ಕುಂಡಯಿ ಬಿಟ್ಟರು. ಗಂಡನಿಗೆ ಮಡಗಾಂವ್ ಕಡೆಯ ಫಾತೋರ್ಡಾದಲ್ಲಿ ಕಟ್ಟಡದ ಕೆಲಸ ಸಿಕ್ಕಿತಂತೆ. ಆಮೇಲೆ ಪ್ಯಾಕಿಂಗಿನ ಹೆಂಗಸರ ಬಾಯಲ್ಲಿ ಆಗಾಗ ಸುದ್ದಿ ಬರುತ್ತಿತ್ತು. ನಾನು ಕೇಳಿಯೂ ಕೇಳದಂತೆ ಇರುತ್ತಿದ್ದೆ.

ಹನ್ನೆರಡು ವರ್ಷದಲ್ಲಿ ನನ್ನ ಯಂತ್ರ ಎರಡು ಸಲ ಬದಲಾಯಿತು. ಪ್ರತಿ ಸಲ ಯಾರೋ ಟೆಕ್ನಿಷಿಯನ್ ಬಂದು ಹಳೆಯದರಲ್ಲಿದ್ದ ಎಲ್ಲವನ್ನೂ ಸಾರಾಸಗಟು ಹೊಸದಕ್ಕೆ ಸುರಿದು ಹೋಗುತ್ತಿದ್ದ. ಈ ಸಲ ನಾನೇ ಮಾಡಿಕೊಳ್ಳುತ್ತೇನೆ, ಬೇಕಾದದ್ದನ್ನಷ್ಟೇ ಒಯ್ಯುತ್ತೇನೆ ಎಂದು ಹಟ ಹಿಡಿದಿದ್ದೆ. ಶನಿವಾರ ಫೈಲನ್ನು ನಕಲಿಸುವ ಮುಂಚೆ ಹಳೆಯದರಲ್ಲಿ ಏನೇನು ಎಷ್ಟೆಷ್ಟು ಜಾಗ ಹಿಡಿದಿದೆ ಎಂದು ನೋಡಿದೆ. ಚುಕ್ಕೆ ಇಟ್ಟ ಬಚ್ಚಿಟ್ಟ ಫೋಲ್ಡರುಗಳನ್ನೂ ತೋರಿಸು ಎಂದೆ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ ಬಂದದ್ದು ತಿಪ್ಪಿ.

ಹೌದಲ್ಲ, ಅದನ್ನು ತೆಗೆಯುತ್ತಿದ್ದವಳು ಶಾಂತಕ್ಕ. ಆಕೆ ಹೋದಮೇಲೆ ಯಾರು ತೆಗೆದರು? ಮೇ ತಿಂಗಳು ಹನ್ನೆರಡು ಸಲ ಬಂದು ಹೋಗಿತ್ತು. ನಾನು ದಿನಾ ಒಗೆಯುತ್ತಿದ್ದೆ, ಒಗೆದದ್ದು ಹೋಯಿತು ಎಂದುಕೊಳ್ಳುತ್ತಿದ್ದೆ. ಆಕೆಯ ಯಂತ್ರದಲ್ಲಿ ಯಾವುದೂ ಹೋಗುವುದಿಲ್ಲ ಎಂದು ಆಕೆಯಿಂದಲೇ ಕಲಿತವಳು ಮರೆತಿದ್ದೆ. ಸಾವಿರಾರು ಲಾರಿ ಪಟ್ಟಿ, ತಪ್ಪು ಲೇಬಲ್, ರಜೆಯ ಅರ್ಜಿಗಳ ನಡುವೆ ಹುಡುಕಿದೆ. ಹುಡುಕುವುದು ಕಷ್ಟವಾಗಲಿಲ್ಲ. ಹೆಸರು ನೆನಪಿತ್ತು.

ನೀವಾಗಿದ್ದರೆ ಕೂಡಲೇ ತೆರೆಯುತ್ತಿದ್ದಿರೇನೋ. ನಾನು ಎದ್ದು ಹೋಗಿ ಚಹಾಕ್ಕಿಟ್ಟೆ. ಹಾಲು ಉಕ್ಕಿಸಿದೆ. ಒಲೆ ಒರೆಸಿದೆ. ಬಿಸಿಲಿಗೆ ಹಾಕಿದ್ದ ಬಟ್ಟೆ ತಂದು ಮಡಚಿದೆ. ಆಮೇಲೆ ಬಂದು ತೆರೆದೆ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದದ್ದನ್ನು ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

“ತಂಗೀ, ಮಳಿಗಾಲದಾಗ ಲೇಬಲ್ ಕಾಗದ ಹಸಿ ಹಿಡೀತೈತಿ, ಪ್ರಿಂಟರ್ ನುಂಗೂದಿಲ್ಲ. ಹಿಂದಿನ ದಿನ ಸಂಜೀಗೆ ಕಟ್ಟು ಬಿಚ್ಚಿ ಬಲ್ಬಿನ ಕೆಳಗ ಇಡು. ಹಗೇವು ವಾರಕ್ಕೊಮ್ಮೆ ತಪ್ಪಸಬ್ಯಾಡ. ತಿಪ್ಪಿ ಮೇ ತಿಂಗಳದಾಗ ತಗಿ, ಕೈಯಾಡಿಸಿ ನೋಡಿ ತಗಿ.

“ನನಗ ಸಿಟ್ಟು ಐತಿ. ಇಲ್ಲಂತ ಸುಳ್ಳ ಹೇಳೂದಿಲ್ಲ. ಪ್ಯಾಕಿಂಗಿಗೆ ಹೋಗೂದಕ್ಕಲ್ಲ, ಅದು ನಾ ಮಾಡಿದ್ದ ಕೆಲಸಾನ. ನೀ ಬರೇ ಹೂಂ ಅಂದಿ ಅಂತ ಸಾಹೇಬ್ರ ಹೇಳಿದ್ರು. ಅವರ ಮುಂದ ನೀ ಒಂದು ಮಾತು ಆಡಬೇಕಿತ್ತು. ಆಡಿದ್ರೂ ಅವರು ಹಿಂಗ ಮಾಡ್ತಿದ್ರು, ನನಗೂ ಗೊತ್ತೈತಿ. ಆದ್ರ ನನ್ನ ಪಾಲಿಗೆ ಒಂದು ಮಾತು ಉಳೀತಿತ್ತು.

“ಮುಂದಿನ ಐತವಾರ ಮನಿಗೆ ಬಾ. ಎದುರಿಗೆ ಕುಂತು ಆ ಒಂದು ಮಾತು ಆಡು, ನಾ ಮರೀತೇನಿ. ರೊಟ್ಟಿ ಮಾಡಿರ್ತೇನಿ. ಬರಲಿಲ್ಲಂದ್ರ ನಾ ತಿಳ್ಕೋತೇನಿ.”

ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಓದದೇ ಇದ್ದದ್ದು ಹೇಡಿತನ ಇರಬಹುದು, ಅದಕ್ಕೆ ಕ್ಷಮೆಯೂ ಇರಬಹುದು. ಆದರೆ ಗೇಟಿನಲ್ಲಿ ನಾನು ‘ಹೂಂ’ ಎಂದಿದ್ದೆನಲ್ಲ. ಓದಿಯೂ ಬರಲಿಲ್ಲ ಎಂದು ಆಕೆ ತಿಳಿದುಕೊಂಡಿದ್ದಳು. ಹನ್ನೆರಡು ವರ್ಷ ಹಾಗೆಯೇ ತಿಳಿದುಕೊಂಡೇ ಇದ್ದಳು.

ಮರುದಿನ ಭಾನುವಾರ. ಹೊಸ ಲ್ಯಾಪ್‌ಟಾಪನ್ನು ಹಾಗೆಯೇ, ಒಂದೂ ಮೊಳೆ ಹೊಡೆಯದೆ, ಚೀಲಕ್ಕೆ ಹಾಕಿಕೊಂಡು ಮಡಗಾಂವ್ ಬಸ್ಸು ಹತ್ತಿದೆ. ಯಾಕೆ ಅದನ್ನು ಒಯ್ದೆ ಎಂದು ಕೇಳಿದರೆ ಹೇಳಲಾರೆ. ಬರಿಗೈಯಲ್ಲಿ ಹೋಗಲು ಧೈರ್ಯವಿರಲಿಲ್ಲ, ಹಣ್ಣು ಒಯ್ಯಲು ಮುಖವಿರಲಿಲ್ಲ. ಪ್ಯಾಕಿಂಗಿನವರು ಹೇಳಿದ್ದ ಗುರುತು ನೆನಪಿತ್ತು. ಫಾತೋರ್ಡಾದ ದೊಡ್ಡ ಆಟದ ಮೈದಾನದ ಹಿಂದಿನ ಓಣಿ, ರೊಟ್ಟಿ ಶಾಂತಕ್ಕ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ತೋರಿಸಿದರು.

ಬಾಗಿಲು ತೆರೆದೇ ಇತ್ತು. ಕೂದಲು ಬೆಳ್ಳಗಾಗಿತ್ತು, ಕುಂಕುಮ ಅಷ್ಟೇ ದೊಡ್ಡದು. ಕಟ್ಟಡದ ಕೆಲಸಗಾರರಿಗೆ ದಿನಾ ರೊಟ್ಟಿ ಮಾಡಿಕೊಡುವ ಒಲೆಯ ಮುಂದೆ ಕೂತು ಬಡಿಯುತ್ತಿದ್ದಳು. ಬೆಳಕಿಗೆ ಅಡ್ಡ ನಿಂತ ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದಳು.

“ಆಫೀಸಿನ ತಂಗಿ ಅಲ್ಲೇನ?” ಎಂದಳು. ಕೈಯ ಹಿಟ್ಟು ಉದುರಿಸಿ, “ಬಾ. ಕುಂದ್ರು.”

ನಾನು ಕೂರಲಿಲ್ಲ. ಕೂತರೆ ಹೇಳುವುದು ಆಗಲಿಕ್ಕಿಲ್ಲ ಎನಿಸಿತು. “ನಾ ಅದನ್ನ ಓದಿರಲಿಲ್ರಿ ಅಕ್ಕಾ. ಗೇಟಿನ್ಯಾಗ ಸುಳ್ಳ ಹೇಳಿದೆ. ನಿನ್ನಿ ಓದಿದೆ.”

ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದಳು. ತಿರುವಿ ಹಾಕಿದಳು. ಉಬ್ಬಿದ ಮೇಲೆ ತೆಗೆದು ಪಕ್ಕಕ್ಕಿಟ್ಟಳು.

“ಆ ಐತವಾರ ಹನ್ನೆರಡು ರೊಟ್ಟಿ ಮಾಡಿದ್ದೆ,” ಎಂದಳು. “ಬದನಿಕಾಯಿ ಪಲ್ಯ. ಮೂರು ತಾಸಿನ ಮಟಾ ಬಾಗಿಲಾಗ ಕುಂತಿದ್ದೆ. ಆಮ್ಯಾಲೂ ಒಂದು ಮನಸ್ಸು ಹೇಳ್ತಿತ್ತು, ಹುಡುಗಿ ಓದಿರಾಕಿಲ್ಲ, ಓದಿದ್ರ ಬರ್ತಿದ್ಲು ಅಂತ. ಅದಕ್ಕ ಗೇಟಿನ್ಯಾಗ ಕೇಳಿದೆ.”

ನನಗೆ ಅಳು ಬಂತು. ತಡೆಯಲು ನೋಡಲಿಲ್ಲ.

“ಎಲ್ಲಿತ್ತು ಅದು ಇಷ್ಟು ದಿನ?” ಎಂದು ಕೇಳಿದಳು.

“ತಿಪ್ಪ್ಯಾಗ್ರಿ.”

ಶಾಂತಕ್ಕ ಹಂಚಿನಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. “ಹನ್ನೆರಡು ವರ್ಷ ಯಾರೂ ತಿಪ್ಪಿ ತಗದಿಲ್ಲೇನ?” ಎಂದಳು. ಕೇಳಿದ ಧಾಟಿಯಲ್ಲಿ ಹಳೆಯ ಆಪರೇಟರಿನ ಸಿಟ್ಟಿತ್ತು, ಕೆಲಸ ಹಾಳು ಮಾಡಿದವರ ಮೇಲಿನ ಸಿಟ್ಟು. ಆಮೇಲೆ ಅದು ತನಗೇ ಕೇಳಿಸಿತೋ ಏನೋ, ನಗತೊಡಗಿದಳು. ಹಿಟ್ಟಿನ ಕೈಯಲ್ಲೇ ಸೆರಗು ಬಾಯಿಗೆ ಹಿಡಿದು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅದರಲ್ಲಿ ಎಷ್ಟು ನಗು, ಎಷ್ಟು ಅಳು ಎಂದು ನಾನು ಹೇಳಲಾರೆ.

ನಗು ನಿಂತಮೇಲೆ, “ಹಂಗಾರ ಕುಂದ್ರು,” ಎಂದಳು. “ಕುಂತು ಆಡು ಆ ಮಾತು.”

ಕೂತೆ. ಎದುರಿಗೆ. “ಅಕ್ಕ ನನಗಿಂತ ಚಲೋ ಮಾಡ್ತಾಳ್ರಿ ಸರ, ಅಕಿನ್ನ ಕಳಸಬ್ಯಾಡ್ರಿ,” ಎಂದೆ. ಹನ್ನೆರಡು ವರ್ಷ ತಡವಾಗಿ, ಆ ಮ್ಯಾನೇಜರ್ ಎಲ್ಲಿದ್ದಾರೋ, ನಾನು ಒಂದು ಒಲೆಯ ಮುಂದೆ ಕೂತು ಅವರಿಗೆ ಹೇಳಿದೆ. ಶಾಂತಕ್ಕ ತಲೆಯಾಡಿಸಿದಳು, ಕೇಳಿದೆ ಎಂಬಂತೆ. ನನ್ನ ತಟ್ಟೆಗೆ ರೊಟ್ಟಿ ಹಾಕಿದಳು. ಎರಡು ತಿಂದೆ, ಮೂರನೆಯದನ್ನೂ ಹಾಕಿದಳು.

ಊಟವಾದ ಮೇಲೆ ನನ್ನ ಚೀಲವನ್ನು ಗದ್ದದಿಂದ ತೋರಿಸಿ, ಅದೇನು ಎಂದಳು. ತೆಗೆದು ತೋರಿಸಿದೆ. ಕೈ ತೊಳೆದು, ಒರೆಸಿಕೊಂಡು, ಕೊತ್ತಂಬರಿ ಕಟ್ಟಿಗೆ ಹಾಕಿ ಬಂದಿದ್ದ ಎರಡು ರಬ್ಬರ್ ಬ್ಯಾಂಡ್ ಹುಡುಕಿ ತಂದಳು. ಬಳೆ ಮೇಲಕ್ಕೇರಿಸಿದಳು. ಕಪ್ಪು ಕಿಟಕಿ ತೆರೆದುಕೊಟ್ಟೆ. ‘ನೋಡು’ ಎಂದು ಹೊಡೆದಳು. ಅಂಥದ್ದು ಸಿಗಲಿಲ್ಲ ಎಂದು ಅದು ಹೇಳಿತು.

“ಇದಕ್ಕ ಏನೂ ಕಲಿಸಿಲ್ಲಲ್ಲ ನೀ.”

“ನಿಮ್ಮ ಫೈಲ್ ಮನ್ಯಾಗ ಐತ್ರಿ. ಹೋಗಿ ಹಾಕ್ತೇನಿ.”

“ಅದ್ಯಾಕ? ಬರೀತೇನಿ ತಡಿ.”

ಒಂದೊಂದೇ ಬರೆದಳು. ಬೆರಳು ನಿಧಾನವಾಗಿತ್ತು, ಕೆಲವು ಕಡೆ ಚಿಹ್ನೆಗಳು ಮರೆತಿದ್ದವು, ನಾನು ಹೇಳಿಕೊಟ್ಟೆ. ‘ನೋಡು’ ಬಂತು, ‘ಹೋಗು’ ಬಂತು, ‘ಹಗೇವು’ ಬಂತು. ‘ತಿಪ್ಪಿ’ಗೆ ಬಂದಾಗ ಕೈ ನಿಲ್ಲಿಸಿ ಯೋಚನೆ ಮಾಡಿದಳು. “ಇದಕ್ಕ ಒಂದು ಮಾತು ಹೆಚ್ಚಿಗೆ ಕಲಿಸಬೇಕು,” ಎಂದಳು. ಎಂಥದ್ದು ಎಂದು ಹೇಳಿದಳು, ಹೇಗೆ ಬರೆಯಬೇಕೆಂದು ನನ್ನನ್ನು ಕೇಳಿದಳು. ಎರಡು ಸಲ ತಪ್ಪಿತು, ಮೂರನೆಯ ಸಲ ಸರಿಯಾಯಿತು. ಮೊದಲ ಸಾಲಿಗೆ ಮಾತ್ರ ಆಕೆ ಏನನ್ನೂ ಬರೆಯಲಿಲ್ಲ. ರಬ್ಬರ್ ಬ್ಯಾಂಡ್ ಬಿಚ್ಚಿದಳು. ಬಳೆಗಳು ಘಲ್ಲೆಂದು ಇಳಿದವು. “ಚಹಾ ಮಾಡ್ಲೇನ?” ಎಂದು ಬಾಯಲ್ಲೇ ಕೇಳಿದಳು.

ಈಗ ಸೋಮವಾರ, ಬೆಳಗ್ಗೆ ಹತ್ತು ಗಂಟೆ. ಹಳೆಯ ಯಂತ್ರವನ್ನು ಸ್ಟೋರಿಗೆ ಕೊಟ್ಟು ಬಂದಿದ್ದೇನೆ. ಅದಕ್ಕೂ ಮುಂಚೆ ಅದರ ತಿಪ್ಪೆಯನ್ನು ಪೂರ್ತಿ ಹೊಸದಕ್ಕೆ ತಂದುಕೊಂಡೆ, ಮೇ ತಿಂಗಳು ಬರುವ ತನಕ ದಿನಕ್ಕಿಷ್ಟು ಕೈಯಾಡಿಸಿ ನೋಡಬೇಕು. ಹೊಸದರಲ್ಲಿ ಲೇಬಲ್ ಕೆಲಸ ಶುರು ಮಾಡಿ, ಹೋದ ವಾರ ಯಾರೋ ಕಳಿಸಿದ್ದ, ನೋಡದೆ ಬಿಟ್ಟಿದ್ದ ಒಂದು ಫೈಲನ್ನು ಎಂದಿನ ಅವಸರದಲ್ಲಿ ತಿಪ್ಪೆಗೆ ಹಾಕಲು ಹೊರಟೆ. ಹೆಸರು ಹೊಡೆದು ಒತ್ತಿದೆ. ಫೈಲು ಹೋಗಲಿಲ್ಲ. ಕಪ್ಪು ಪರದೆಯ ಮೇಲೆ ಶಾಂತಕ್ಕ ಕಲಿಸಿದ ಆ ಹೆಚ್ಚಿನ ಮಾತು ಬಂತು.

“ಓದಿದೇನ?”

‘ಹೂಂ’ ಎಂದು ಹೊಡೆದರೆ ಸಾಕು, ಅದು ನಂಬುತ್ತದೆ. ನಾನು ಕೀಲಿಮಣೆಯಿಂದ ಬೆರಳು ತೆಗೆದೆ. ಫೈಲನ್ನು ತೆರೆದು, ಮೊದಲ ಸಾಲಿನಿಂದ ಓದತೊಡಗಿದೆ.